ಎಡಗೈ ಕಟ್ಟಿದ ಮಧ್ಯಾಹ್ನ

ನನ್ನ ಮಗಳಿಗೆ ಎರಡು ವರ್ಷ ತುಂಬುವುದಕ್ಕೆ ಮೊದಲು, ಹರಿಹರದಲ್ಲಿ ಮರಗೆಲಸ ಮಾಡುತ್ತಿದ್ದ ನಮ್ಮಪ್ಪ ಅವಳಿಗೊಂದು ಆಟಿಕೆ ಮಾಡಿ ತಂದುಕೊಟ್ಟರು. ಹಲಗೆಯ ಮೇಲೆ ನೆಟ್ಟ ಒಂದು ಗೂಟ, ಅದಕ್ಕೆ ಪೋಣಿಸಲು ದೊಡ್ಡದರಿಂದ ಚಿಕ್ಕದರವರೆಗೆ ಆರು ಮರದ ಬಳೆ. ಮಗು ಬಾಯಿಗೆ ಹಾಕಿಕೊಳ್ಳುತ್ತದೆಂದು ಬಣ್ಣ ಬಳಿಯದೆ ಉಜ್ಜಿ ಉಜ್ಜಿ ನುಣುಪು ಮಾಡಿದ್ದರು.

ನಾವಾಗ ದಾವಣಗೆರೆಯಲ್ಲಿ ನನ್ನ ಗಂಡನ ಅಣ್ಣನೊಂದಿಗೆ ಒಂದೇ ಮನೆಯಲ್ಲಿದ್ದೆವು. ಗಂಡ ಹತ್ತಿ ಗಿರಣಿಗೆ ಹೋಗುತ್ತಿದ್ದರು. ಭಾವ ಶಾಲೆಯ ಮೇಷ್ಟ್ರು.

ಮಗಳು ಆ ಬಳೆಗಳನ್ನು ಗೂಟಕ್ಕೆ ಹಾಕಿದ್ದು ಕಡಿಮೆ. ದೊಡ್ಡದನ್ನು ತಲೆಗೆ ಸಿಂಬೆ ಮಾಡಿಕೊಂಡು, ಮೇಲೊಂದು ಲೋಟ ಹಿಡಿದು, ನೀರು ಹೊರುವವಳಂತೆ ಬಳುಕುತ್ತಾ ನಡೆಯುತ್ತಿದ್ದಳು. ಅಕ್ಕಿ ಅಳೆಯುವ ಸೇರಿನ ಮೇಲೆ ಪಾವು, ಪಾವಿನ ಮೇಲೆ ಬಳೆ, ಬಳೆಯ ಮೇಲೆ ಈರುಳ್ಳಿ. ಎಲ್ಲ ಉರುಳಿ ಬಿದ್ದರೆ ಕೇಕೆ. ನಾನು ಮೊರವನ್ನು ಓರೆಯಾಗಿಟ್ಟು ಬಳೆ ಉರುಳಿಸಿದರೆ ಅದರ ಹಿಂದೆ ಓಡುವಳು. ಒಂದನ್ನು ಸೆರಗಿನಲ್ಲಿ ಬಚ್ಚಿಟ್ಟರೆ ನನ್ನ ಮೈಯೆಲ್ಲ ಹುಡುಕುವಳು. ಎಲ್ಲವೂ ಎಡಗೈಯಲ್ಲೇ. ಅದೇ ಭಾವನ ಕಣ್ಣಿಗೆ ಚುಚ್ಚುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಬೀದಿ ನಲ್ಲಿಯಿಂದ ನೀರು ತಂದು ಒಳಗೆ ಕಾಲಿಟ್ಟೆ. ಮಗಳ ಎಡಗೈಯನ್ನು ಹಳೇ ಪಂಚೆಯ ಚೂರಿನಿಂದ ಅವಳ ಸೊಂಟಕ್ಕೆ ಬಿಗಿದಿದ್ದರು. ಎದುರಿಗೆ ಭಾವ, ಒಂದು ಬಳೆ ಹಿಡಿದು, "ಬಲಗೈಲಿ ಹಾಕು, ಹಾಕು" ಎನ್ನುತ್ತಿದ್ದರು. ಅತ್ತು ಅತ್ತು ಅವಳಿಗೆ ಬರೀ ಬಿಕ್ಕು ಉಳಿದಿತ್ತು.

ಕೊಡ ಕುಕ್ಕಿ ಗಂಟು ಬಿಚ್ಚಿದೆ. ಮಣಿಕಟ್ಟು ಕೆಂಪಾಗಿತ್ತು.

"ಯಾಕ ಕಟ್ಟಿದ್ರಿ ಭಾವ?"

"ಈಗ ತಿದ್ದದಿದ್ರೆ ಹೆಂಗವ್ವಾ? ನಾಳೆ ಎಡಗೈಲೇ ಉಣ್ತಾಳೆ, ಬರೀತಾಳೆ. ನಮ್ಮ ಶಾಲೇಲಿ ಎಷ್ಟು ಹುಡುಗರಿಗೆ ಹಿಂಗೇ ಬಿಡಿಸೀನಿ ಗೊತ್ತೈತೇನು?"

"ಆ ಹುಡುಗರ ತಾಯಂದಿರು ನೋಡಿದ್ರೇನ್ರಿ, ನೀವು ಬಿಡಿಸೋದನ್ನ?"

ಆವರೆಗೆ ನಾನು ಅವರೆದುರು ದನಿ ಎತ್ತಿದವಳಲ್ಲ. ಗಂಡ ಅಲ್ಲೇ ಚಾಪೆಯ ಮೇಲೆ ಪೇಪರ್ ಓದುತ್ತಿದ್ದರು. ಅಂದರೆ ಕಟ್ಟುವಾಗಲೂ ಅಲ್ಲೇ ಇದ್ದರು! "ಅಣ್ಣ ಒಳ್ಳೇದಕ್ಕೇ ಮಾಡಿದ್ದು, ಬಿಡು" ಎಂದರು. ನನ್ನ ಮೈ ಉರಿದುಹೋಯಿತು. ಮಗಳನ್ನೂ ಆಟಿಕೆಯನ್ನೂ ಎತ್ತಿಕೊಂಡು ಸ್ಟೇಷನ್ನಿಗೆ ನಡೆದು ಹರಿಹರದ ರೈಲು ಹತ್ತಿದೆ.

ತವರಿನಲ್ಲಿ ಎರಡು ದಿನ ಮಗಳು ಎಡಗೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡಳು. ಬಳೆ ಮುಂದೆ ಹಿಡಿದರೆ ನಮ್ಮ ಮುಖ ನೋಡುವಳು, ಕೈ ಚಾಚಳು. ಕಟ್ಟಿದ್ದನ್ನು ನೋಡಿದಾಗಿನದಕ್ಕಿಂತ ಇದನ್ನು ನೋಡಿ ನನ್ನ ಸಿಟ್ಟು ಹೆಚ್ಚಾಯಿತು. ಅಪ್ಪ ಬಳೆಗಳನ್ನು ಎತ್ತಿಟ್ಟು, ತಾವು ಮರ ಕೊಯ್ಯುವಲ್ಲೇ ಅವಳನ್ನು ಕೂರಿಸಿಕೊಂಡರು. "ಏನೂ ಹೇಳಬ್ಯಾಡ್ರಿ, ಸುಮ್ನಿರ್ರಿ" ಎಂದು ಎಲ್ಲರಿಗೂ ತಾಕೀತು ಮಾಡಿದರು. ಮೂರನೆಯ ದಿನ ಅವಳು ಬಿದ್ದಿದ್ದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. ಮೊದಲ ತುಂಡು ಬಲಗೈಯಲ್ಲಿ. ನಾಲ್ಕನೆಯದು ಎಡಗೈಯಲ್ಲಿ. ನಾನು ಒಳಗೆ ಹೋಗಿ ಅತ್ತೆ.

ಮುಂದಿನ ಭಾನುವಾರ ಗಂಡ ಕರೆಯಲು ಬಂದರು.

"ಅವಳ ಕೈ ಯಾರೂ ಕಟ್ಟಂಗಿಲ್ಲ" ಎಂದೆ.

"ಆತು."

"ನನಗೆ ಆತು ಅನ್ನಬ್ಯಾಡ್ರಿ. ನಿಮ್ಮಣ್ಣಗ ಹೇಳ್ರಿ. ನಾ ಹೊಸ್ತಿಲಲ್ಲಿ ನಿಂತು ಕೇಳ್ತೀನಿ. ಹೇಳಿದ ಮ್ಯಾಲೆ ಒಳಗ ಬರ್ತೀನಿ."

ಹೇಳಿದರು. ನೆಲ ನೋಡುತ್ತಾ, ತೊದಲುತ್ತಾ ಹೇಳಿದರು. ಭಾವ ಒಂದು ವರ್ಷ ನನ್ನೊಂದಿಗೆ ಮಾತಾಡಲಿಲ್ಲ, ನನಗೇನೂ ನಷ್ಟವಾಗಲಿಲ್ಲ. ಮಗಳು ಬಲಗೈಯಲ್ಲಿ ಉಣ್ಣಲು ತಾನಾಗಿಯೇ ಕಲಿತಳು, ಬರೆದದ್ದು ಎಡಗೈಯಲ್ಲಿ.

ಭಾವನ ಮೇಲಿನ ಕೋಪ ವರ್ಷಗಳಲ್ಲಿ ತಣ್ಣಗಾಯಿತು. ಅವರು ತಾವು ನಂಬಿದ್ದನ್ನು ಮಾಡಿದ್ದರು. ಮಗಳು ಅಳುವಾಗ ಪೇಪರಿನ ಪುಟ ತಿರುವಿದ ಗಂಡನನ್ನು ಮಾತ್ರ ನಾನು ಕ್ಷಮಿಸಲಿಲ್ಲ. ಅದು ಅವರಿಗೂ ಗೊತ್ತಿತ್ತು.