ಭಂಗಿ ಸೊಪ್ಪಿಗಾಗಿ ಬರ್ಕ್ಲಿಗೆ

ಪ್ಲೆಸೆಂಟನ್ನಿನಿಂದ ಬರ್ಕ್ಲಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ನಡುವೆ ಬೇ ಫೇರ್ ಎಂಬಲ್ಲಿ ಇಳಿದು ಗಾಡಿ ಬದಲಿಸಬೇಕು. ನಾವು ಹೊರಟಾಗ ಬಿಸಿಲು ಚುರುಗುಟ್ಟುತ್ತಿತ್ತು. ನನ್ನ ತಂಗಿ ಶೈಲಾ ಮಾತ್ರ ಸ್ವೆಟರು ಹಾಕಿ, ಉಣ್ಣೆಯ ಟೋಪಿಯನ್ನು ಕಿವಿಯ ತನಕ ಎಳೆದುಕೊಂಡಿದ್ದಳು. ಕ್ಯಾನ್ಸರಿಗೆ ಕೀಮೋ ಶುರುವಾದ ಮೇಲೆ ಕೂದಲು ಹೋಗಿತ್ತು. ಕೂದಲು ಹೋದರೆ ಹಾಳಾಗಿ ಹೋಗಲಿ, ಹೊಟ್ಟೆಯಲ್ಲಿ ಒಂದು ಅಗುಳೂ ನಿಲ್ಲುತ್ತಿರಲಿಲ್ಲ. ಧಾರವಾಡದಿಂದ ನಾನು ಬಂದದ್ದೇ ಅವಳಿಗೆ ಎರಡು ತುತ್ತು ಉಣ್ಣಿಸಲು. ಗಂಜಿ ಮಾಡಿದೆ, ನುಚ್ಚು ಮಾಡಿದೆ, ಮೊಸರನ್ನ ಕಲಸಿದೆ. ತಟ್ಟೆ ಕಂಡರೆ ಸಾಕು, ಬಾತ್‌ರೂಮಿಗೆ ಓಡುತ್ತಿದ್ದಳು.

ಕೊನೆಗೆ ಅವಳ ಡಾಕ್ಟರೇ ಚೀಟಿ ಬರೆದುಕೊಟ್ಟರು: ಮಾರಿಜುವಾನಾ ಸೇದಿ ನೋಡಬಹುದು, ಹಸಿವು ಬರುತ್ತದೆ, ಓಕರಿಕೆ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಜನ ಕೆಲವು ವರ್ಷದ ಹಿಂದೆ ವೋಟು ಹಾಕಿ, ಕಾಯಿಲೆಯವರಿಗೆ ಅದನ್ನು ಕಾನೂನುಬದ್ಧ ಮಾಡಿಕೊಂಡಿದ್ದರಂತೆ. ಮೊದಲು ಗಾಬರಿಯಾದೆ. ಅದು ನಮ್ಮ ಕಡೆಯ ಭಂಗಿ ಸೊಪ್ಪೇ ಎಂದು ತಿಳಿದ ಮೇಲೆ ನಗು ಬಂತು. ನಮ್ಮ ಅಜ್ಜ ಅಮಾವಾಸ್ಯೆಗೊಮ್ಮೆ ಮಠಕ್ಕೆ ಹೋಗಿ ಭಂಗಿ ಕುಡಿದು ಬಂದು, ಒಂದು ಬುಟ್ಟಿ ರೊಟ್ಟಿ ಖಾಲಿ ಮಾಡುತ್ತಿದ್ದ. ಅಜ್ಜಿ ಬೈಯುತ್ತ ಬೈಯುತ್ತ ರೊಟ್ಟಿ ಬಡಿಯುತ್ತಿದ್ದಳು. ಆ ಹಸಿವಿನಲ್ಲಿ ಕಾಲು ಪಾಲು ಇವಳಿಗೆ ಬಂದರೂ ಸಾಕೆಂದು ನನಗೆ ಆಸೆ ಹುಟ್ಟಿತು.

ಶೈಲಾಳ ಗಂಡ ಮಗಳನ್ನು ನೋಡಿಕೊಂಡು ಮನೆಯಲ್ಲೇ ಉಳಿದರು. ಟಿಕೇಟಿನ ಹಣವನ್ನು ರೂಪಾಯಿಗೆ ತಿರುಗಿಸಿ ನೋಡಬಾರದು ಎಂದು ಶೈಲಾ ಮೊದಲೇ ತಾಕೀತು ಮಾಡಿದ್ದಳು. ಹೊರಗೆ ಗುಡ್ಡಗಳೆಲ್ಲ ಒಣಹುಲ್ಲಿನ ಬಣ್ಣ, ಬೇಸಿಗೆಯಲ್ಲಿ ಸವದತ್ತಿ ಕಡೆ ಕಾಣುವ ಹಾಗೆ. ಫ್ರೀವೇ ಬದಿಯ ಜಾಹೀರಾತು ಹಲಗೆಗಳ ಮೇಲೆ ಯಾವ ಹೆಸರು ಓದಿದರೂ ಕೊನೆಗೆ ಒಂದು ಡಾಟ್ ಕಾಮ್. ಗಾಡಿಯಲ್ಲಿದ್ದ ಹುಡುಗರು ಕಂಪನಿಯ ಟೀ ಶರ್ಟು ತೊಟ್ಟು, ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಹೊರಗೆ ಒಮ್ಮೆಯೂ ನೋಡದೆ ಕೂತಿದ್ದರು. ಶೈಲಾಳೂ ಹೋದ ವರ್ಷ ಕಾಯಿಲೆಯ ರಜೆ ಹಾಕುವ ತನಕ ಹಾಗೇ ಕೂರುತ್ತಿದ್ದಳಂತೆ.

ಬರ್ಕ್ಲಿಯಲ್ಲಿ ಇಳಿದರೆ ಮಂಜು, ಥಂಡಿ ಗಾಳಿ. ಕಾಲೇಜು ಹುಡುಗರ ಗದ್ದಲ ದಾಟಿ, ನಾಲ್ಕು ಕಡೆ ನಿಂತು ದಣಿವಾರಿಸಿಕೊಂಡು, ಡಾಕ್ಟರ ಚೀಟಿಗೆ ಸೊಪ್ಪು ಕೊಡುವ ಆ ಜಾಗ ಮುಟ್ಟಿದೆವು. ಕಳ್ಳಂಗಡಿ ಇರಬಹುದೆಂದುಕೊಂಡಿದ್ದೆ. ನೋಡಿದರೆ ನಮ್ಮ ಊರಿನ ಹೋಮಿಯೋಪತಿ ದವಾಖಾನೆಯ ಹಾಗಿತ್ತು: ಕುರ್ಚಿಗಳು, ಒಂದು ಕುಂಡ, ಸರದಿ. ಸೊಪ್ಪಿನ ವಾಸನೆ ಮಾತ್ರ ಬಾಗಿಲಿನಿಂದಲೇ ಹಿಡಿಯಿತು. ಪಕ್ಕದಲ್ಲಿ ಕೂತಿದ್ದ ಮುದುಕಿಗೂ ಅದೇ ರೋಗ. ಈಗ ದಿನಾ ರಾತ್ರಿ ಸೂಪು, ಬ್ರೆಡ್ಡು ಎರಡೂ ತಿನ್ನುತ್ತೇನೆ ಎಂದು ಶೈಲಾಳ ಕೈ ತಟ್ಟಿ ಹೇಳಿದಳು. ನನಗೆ ಆ ಮುದುಕಿಯ ಕಾಲಿಗೆ ಬೀಳೋಣ ಅನ್ನಿಸಿತು.

ಸರದಿ ಬಂತು. ಜುಟ್ಟು ಕಟ್ಟಿದ್ದ ಗಂಡಸು ಚೀಟಿ ನೋಡಿ, ಡಾಕ್ಟರಿಗೆ ಫೋನು ಮಾಡಿ ಖಾತ್ರಿ ಮಾಡಿಕೊಂಡ. ಆಮೇಲೆ, ಎಲ್ಲರಿಗೂ ಹೇಳುವ ಮಾತು ಇದು ಎಂದು ಶುರು ಮಾಡಿದ. ಇದಕ್ಕೆ ರಾಜ್ಯದ ಒಪ್ಪಿಗೆ ಇದೆ, ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ್ದಿಲ್ಲ. ಅವರ ಲೆಕ್ಕದಲ್ಲಿ ಇದು ಇಂದಿಗೂ ಅಪರಾಧ. ನೀವು ಇಲ್ಲಿಯ ಪ್ರಜೆ ಅಲ್ಲದಿದ್ದರೆ ಮೊದಲು ವಕೀಲರನ್ನು ಕೇಳಿ, ಎಂದ. ವಿಧಾನಸೌಧ ಹೂಂ ಅಂದದ್ದಕ್ಕೆ ದಿಲ್ಲಿ ಉಹೂಂ ಅನ್ನುವುದು ನಮಗೇನು ಹೊಸದೇ? ಮುಂದೆ ನಡಿ ಎಂದು ನಾನು ಶೈಲಾಳ ಬೆನ್ನು ತಳ್ಳಿದೆ. ಅವಳು ಕದಲಲಿಲ್ಲ. ಹೊರಗೆ ಹೋಗಿ, ಮೂಲೆಯ ಪೇ ಫೋನಿನಿಂದ ತನ್ನ ಗ್ರೀನ್ ಕಾರ್ಡು ನೋಡಿಕೊಳ್ಳುವ ವಕೀಲನಿಗೆ ಫೋನು ಮಾಡಿದಳು. ಬಹಳ ಹೊತ್ತು ಕೇಳಿಸಿಕೊಂಡಳು.

"ಬ್ಯಾಡಂತ ಅಕ್ಕಾ," ಎಂದಳು. "ಮುಂದಿನ ತಿಂಗಳ ಇಂಟರ್‌ವ್ಯೂ ಐತಿ. ಇಂಥಾದ್ದು ಸೇದೀಯೇನು ಅಂತ ಪ್ರಮಾಣ ಮಾಡಿಸಿ ಕೇಳ್ತಾರ. ಹೂಂ ಅಂದ್ರ ಗ್ರೀನ್ ಕಾರ್ಡು ಸಿಗೂದಿಲ್ಲ."

ನನಗೆ ರೇಗಿತು. ಸುಳ್ಳು ಹೇಳು, ಯಾರು ನೋಡಲು ಬರುತ್ತಾರೆ, ಎಂದೆ. ಅದೂ ಬೇಡವಾದರೆ ಎಲ್ಲ ಬಿಟ್ಟು ಗಂಡ ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಬಾ ಎಂದೆ. ನಡುಬೀದಿಯಲ್ಲಿ ನಿಂತು ಕೂಗಾಡಿದೆ. ಅವಳು ಟೋಪಿ ಸರಿಮಾಡಿಕೊಂಡು ನಾನು ಮುಗಿಸುವ ತನಕ ಕಾದಳು. ಗಂಡನದು, ಮಗಳದು, ಇಬ್ಬರ ಗ್ರೀನ್ ಕಾರ್ಡಿನ ಕಾಗದಪತ್ರವೂ ಇವಳ ನೌಕರಿಗೇ ಕಟ್ಟಿಕೊಂಡಿವೆ. ಮಗಳಿಗೆ ಊರೆಂದರೆ ಪ್ಲೆಸೆಂಟನ್ನೇ. ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅದು.

"ನಾ ಉಳಿತೀನೋ ಇಲ್ಲೋ ಗೊತ್ತಿಲ್ಲ. ಅವರಿಬ್ಬರು ಇಲ್ಲೇ ಉಳೀಬೇಕು," ಎಂದಳು ಶೈಲಾ. "ಇಂಟರ್‌ವ್ಯೂ ಆಗೂತನಕ ನಾ ಜೀವಂತ ಇರಬೇಕು, ಅಷ್ಟ."

ಉಣ್ಣದೆ ಹೇಗೆ ಇರುತ್ತೀಯೇ ಎಂದು ಕೇಳಬೇಕೆಂದಿದ್ದೆ. ಅವಳ ಕೈಚೀಲ ತೆಗೆದು ನನ್ನ ಹೆಗಲಿಗೆ ಹಾಕಿಕೊಂಡೆ.

ಬಂದ ದಾರಿಯಲ್ಲೇ ಸ್ಟೇಷನ್ನಿನ ಕಡೆ ತಿರುಗಿದೆವು. ಒಂದು ದೋಸೆ ಹೋಟೆಲ್ಲಿನ ಮುಂದೆ ಬಂದಾಗ ಶೈಲಾ ನಿಂತಳು. ನನಗೆ ಹಸಿವಾಗಿರಬೇಕು ಎಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಒಂದೇ ಮಸಾಲೆ ದೋಸೆ ಹೇಳಿದಳು. ಬಂದಾಗ ತಟ್ಟೆಯನ್ನು ನನ್ನ ಕಡೆ ಸರಿಸಿ, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು, ವಾಸನೆ ಬಡಿಯದಿರಲೆಂದು.

"ನೀ ತಿನ್ನು, ನಾ ನೋಡ್ತೀನಿ. ಹೆಂಗೈತಿ ಹೇಳ್ಕೋತ ತಿನ್ನು."

ಹೇಳಿದೆ. ಅಂಚು ಗರಿಗರಿ ಇದೆ, ನಡುವೆ ಮೆತ್ತಗೆ. ಪಲ್ಯಕ್ಕೆ ಉಳ್ಳಾಗಡ್ಡಿ ಜಾಸ್ತಿ. ಚಟ್ನಿಗೆ ಹಸಿಮೆಣಸಿನಕಾಯಿ ಬಿದ್ದಿದೆ, ಅವ್ವ ಅರೆದದ್ದರ ಮುಂದೆ ಏನೂ ಅಲ್ಲ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ನುಂಗಿದಾಗಲೆಲ್ಲ ಅವಳ ಗಂಟಲೂ ನುಂಗುತ್ತಿತ್ತು. ತಟ್ಟೆ ಖಾಲಿಯಾಯಿತು. ನನಗೆ ಹಸಿವು ಎಂಬುದೇ ಇರಲಿಲ್ಲ. ಸಪ್ಲೈಯರನ್ನು ಕರೆದು ಇನ್ನೊಂದು ದೋಸೆ ಹೇಳಿದೆ.