ಸೈರನ್ ಇಲ್ಲದ ಸದ್ದು

ಹೋದ ವರ್ಷ ಬುದ್ಧ ಪೂರ್ಣಿಮೆಗೆ ಇನ್ನು ಎಂಟು ದಿನ ಇದ್ದಾಗ ನಡೆದದ್ದಿದು. ನನಗೆ ಮದುವೆಯಾಗಿ ನಾಲ್ಕೇ ತಿಂಗಳಾಗಿತ್ತು. ನನ್ನ ತವರು ಹೊಸಪೇಟೆ. ಅಲ್ಲಿ ನಾವು ಗೆಳತಿಯರೆಲ್ಲ ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ನಾನು ಬಾಸ್ ಗಿಟಾರ್ ನುಡಿಸುತ್ತೇನೆ. ಗಂಡ ಸಂಡೂರು ಗುಡ್ಡದ ಒಂದು ಗಣಿಯಲ್ಲಿ ಯಂತ್ರ ಓಡಿಸುತ್ತಾರೆ. ಹಾಗಾಗಿ ಗಿಟಾರನ್ನೂ ಮಣಭಾರದ ಆಂಪ್ಲಿಫೈಯರನ್ನೂ ಹೊತ್ತುಕೊಂಡೇ ಗಣಿ ಕ್ವಾರ್ಟರ್ಸಿಗೆ ಸಂಸಾರಕ್ಕೆ ಬಂದೆ. "ಬ್ಯಾರೆಯವ್ರ ಮನಿಗೆ ಹೆಂಡ್ತಿ ಜೋಡಿ ಬೀರು ಬರ್ತೈತಿ, ನಮ್ಮ ಮನಿಗೆ ಇದು ಬಂತು ನೋಡ್ರಿ" ಎಂದು ಗಂಡ ಎಲ್ಲರೆದುರು ಚೇಷ್ಟೆ ಮಾಡುತ್ತಿದ್ದರು.

ಬಂದ ಮೊದಲ ವಾರವೇ ಅವರು ನನಗೊಂದು ಪಾಠ ಹೇಳಿದ್ದರು. "ಮಧ್ಯಾಹ್ನ ಮೂರು ಸಲ ಸೈರನ್ ಕೂಗ್ತೈತಿ, ಆಮ್ಯಾಲೆ ಬ್ಲಾಸ್ಟ್ ಮಾಡ್ತಾರ. ಪಾತ್ರಿ ಗಡಗಡ ಅಂದ್ರೂ ಅಂಜಬ್ಯಾಡ. ಸೈರನ್ ಇಲ್ದ ಸದ್ದಾದ್ರ ಮಾತ್ರ ಅಂಜು." ಅಲ್ಲಿನ ಹೆಂಗಸರಿಗೆ ಇದೆಲ್ಲ ರೂಢಿ. ಸೈರನ್ ಕೇಳಿದ ಕೂಡಲೇ ಶೆಲ್ಫಿನ ಅಂಚಿನ ಡಬ್ಬಿಗಳನ್ನು ಒಳಗೆ ಸರಿಸುತ್ತಾರೆ, ಮಲಗಿದ ಕೂಸಿನ ಕಿವಿ ಮುಚ್ಚುತ್ತಾರೆ, ಬಿಟ್ಟ ಮಾತು ಮುಂದುವರಿಸುತ್ತಾರೆ.

ಅವತ್ತು ಗಂಡ ಬೆಳಗಿನ ಪಾಳಿಗೆ ಹೋಗಿದ್ದರು. ಹತ್ತು ಗಂಟೆಗೆ ನಾನು ಅಭ್ಯಾಸಕ್ಕೆ ನಿಂತೆ. ಎಷ್ಟು ಹೊಂದಿಸಿದರೂ ಆಂಪ್ಲಿಫೈಯರಿನ ದನಿ ನನಗೆ ಸಪ್ಪೆ ಅನಿಸಿತು. ಟ್ರೆಬಲ್ ಇಳಿಸಿದೆ, ಮಿಡ್ ಇಳಿಸಿದೆ, ಬಾಸ್ ಏರಿಸಿದೆ. ಊಹೂಂ. ಮೂಲೆಗಿಟ್ಟರೆ ದನಿ ದಪ್ಪಗಾಗುತ್ತದೆ ಎಂದು ಯಾರೋ ಹೇಳಿದ್ದರು. ಅದನ್ನು ಪಕ್ಕದ ಮನೆಯ ಗೋಡೆಗೆ ತಾಗಿಸಿ ಮೂಲೆಗೆ ದಬ್ಬಿದೆ. ಬಾಸ್ ನಾಬನ್ನು ಕೊನೆಯವರೆಗೂ ತಿರುಗಿಸಿ ದಪ್ಪ ತಂತಿಗೆ ಹೆಬ್ಬೆರಳಿನಿಂದ ಬಲವಾಗಿ ಒಂದೇ ಏಟು ಕೊಟ್ಟೆ. ಪಕ್ಕದಲ್ಲೇ ನಿಂತಿದ್ದ ನನಗೆ ಆಗಲೂ ಅಂಥ ದೊಡ್ಡ ಸದ್ದೇನೂ ಕೇಳಿಸಲಿಲ್ಲ.

ಮರುಕ್ಷಣ ಹೊರಗೆ ಕಿರುಚಾಟ. ಗಿಟಾರ್ ಬಿಸಾಡಿ ಬಾಗಿಲಿಗೆ ಬಂದೆ. ಪಕ್ಕದ ಮನೆಯ ಹುಲಿಗೆಮ್ಮಕ್ಕ ಬರಿಗಾಲಲ್ಲಿ ಓಡುತ್ತಿದ್ದರು. ಅವರ ಗಂಡನೂ ಅದೇ ಪಾಳಿಯಲ್ಲಿದ್ದರು.

"ಏನಾತು ಅಕ್ಕಾ?"

"ಸೈರನ್ ಇಲ್ದ ಬ್ಲಾಸ್ಟ್ ಆತಲ್ಲೇ ಯವ್ವಾ! ಗ್ವಾಡಿನ ನಡಗಿತು! ನಿನ್ ಗಂಡನೂ ಅಲ್ಲೇ ಅದಾನಲ್ಲ, ಓಡು!"

ಫೋನ್ ಮಾಡೋಣವೆಂದರೆ ಗಣಿಯೊಳಗೆ ಮೊಬೈಲ್ ಒಯ್ಯುವಂತಿಲ್ಲ. ನಾನೂ ಓಡಿದೆ. ನನ್ನ ತಂತಿಯ ನೆನಪು ಒಂದಿಷ್ಟಾದರೂ ಬಂದಿದ್ದರೆ ಕೇಳಿ! ಕ್ವಾರ್ಟರ್ಸ್ ಸಾಲಿನ ಇನ್ನೂ ನಾಲ್ಕೈದು ಹೆಂಗಸರು ಜೊತೆಗೂಡಿದರು. ಗಣಿ ಗೇಟಿನ ತಿರುವಿನಲ್ಲಿ ಅದಿರು ತುಂಬಿದ ಟಿಪ್ಪರ್ ಎದುರಿಗೆ ಬಂತು. ಹುಲಿಗೆಮ್ಮಕ್ಕ ಅದನ್ನು ನೋಡಲೇ ಇಲ್ಲ. ಬ್ರೇಕಿನ ಕರ್ಕಶ ಸದ್ದಿಗೆ ನಾನು ಕಣ್ಣು ಮುಚ್ಚಿದೆ. ತೆರೆದಾಗ ಟಿಪ್ಪರಿನ ಮೂತಿಗೂ ಅವರಿಗೂ ನಡುವೆ ಒಂದು ಮೊಳವೂ ಇರಲಿಲ್ಲ. "ಸಾಯಾಕ ನನ್ನ ಗಾಡಿನ ಬೇಕಾಗಿತ್ತೇನ್ಬೇ?" ಎಂದು ಡ್ರೈವರ್ ಬೈಯುತ್ತಲೇ ಇದ್ದ. ಹುಲಿಗೆಮ್ಮಕ್ಕ ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಮತ್ತೆ ಓಡಿದರು.

ಗೇಟಿನ ಕಾವಲುಗಾರ ನಮ್ಮನ್ನೆಲ್ಲ ನೋಡಿ ಬೆಪ್ಪಾದ. "ಏನೂ ಆಗಿಲ್ರಿ! ಇವತ್ತು ಬ್ಲಾಸ್ಟೇ ಇಲ್ಲ" ಅಂದ. ನಾವು ನಂಬಲಿಲ್ಲ. ಕೊನೆಗೆ ಅವನು ಒಳಗೆ ವೈರ್‌ಲೆಸ್‌ನಲ್ಲಿ ಕೇಳಿ, ನಮ್ಮಿಬ್ಬರ ಗಂಡಂದಿರ ದನಿಯನ್ನೂ ಕೇಳಿಸಿದ. ಹೋದ ಜೀವ ಬಂತು. ಯಾವುದೋ ಬೇರೆ ಗಣಿಯದ್ದಿರಬೇಕೆಂದು ಮಾತಾಡಿಕೊಳ್ಳುತ್ತ ವಾಪಸು ಬಂದೆವು.

ಮನೆಗೆ ಬಂದವಳು ನೀರು ಕುಡಿದು, ಮನಸ್ಸು ಸಮಾಧಾನವಾಗಲಿ ಎಂದು ಗಿಟಾರ್ ಎತ್ತಿಕೊಂಡೆ. ಅದೇ ತಂತಿಗೆ ಅಂಥದ್ದೇ ಒಂದು ಏಟು. ಗೋಡೆಯಾಚೆ ತಟ್ಟೆ ಲೋಟಗಳೆಲ್ಲ ದಬದಬ ಉರುಳಿದವು. "ಮತ್ತ ಆತೂ!" ಎಂದು ಹುಲಿಗೆಮ್ಮಕ್ಕ ಚೀರಿದರು.

ನಾನು ದಂಗಾಗಿ ನಿಂತೆ. ಸತ್ಯವಾಗಿ ಹೇಳುತ್ತೇನೆ, ಸುಮ್ಮನಿದ್ದುಬಿಡೋಣ ಅಂತಲೂ ಒಂದು ಗಳಿಗೆ ಅನಿಸಿತು. ಆದರೆ ಅವರು ಮತ್ತೆ ರಸ್ತೆಗಿಳಿದರೆ? ಓಡಿಹೋಗಿ ಅಂಗಳದಲ್ಲೇ ಅವರ ತೋಳು ಹಿಡಿದುಕೊಂಡೆ. "ಅಕ್ಕಾ, ಅದು ನಾನು. ಮೊದಲಿನದೂ ನಾನೇ."

ಅವರಿಗೆ ಅರ್ಥವಾಗಲಿಲ್ಲ. ಕರೆದೊಯ್ದು ಅವರ ಮನೆಯೊಳಗೇ ಕೂರಿಸಿ, ನಾನು ನಮ್ಮ ಮನೆಗೆ ಬಂದು ಮೆಲ್ಲಗೆ ನುಡಿಸಿದೆ. ಆಮೇಲೆ ಹೋಗಿ ನೋಡಿದರೆ ನೆಲದ ಮೇಲೆ ಬಿದ್ದ ತಟ್ಟೆಗಳ ನಡುವೆ ಗರಬಡಿದವರಂತೆ ಕೂತಿದ್ದರು. ಅಂಗಾಲಿನಿಂದ ರಕ್ತ ಸೋರುತ್ತಿತ್ತು. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಅಂದುಕೊಂಡೆ. ಅವರು ಬೈಯಲಿಲ್ಲ.

"ಟಿಪ್ಪರ್ ಬಂದಿದ್ದು ನನಗ ಕಾಣಲೇ ಇಲ್ಲಲೇ" ಅಂದರು. "ನಮ್ಮ ಮನಿಯವ್ರ ಅವ್ವಗ ಈ ಸುದ್ದಿ ಹೆಂಗ ಹೇಳ್ಲಿ ಅಂತ ಮನಸಿನ್ಯಾಗ ಮಾತು ಜೋಡಿಸಿಕೊಂತ ಓಡಾಕ ಹತ್ತಿದ್ದೆ."

ಅವರ ಕಾಲು ತೊಳೆದು ಬಟ್ಟೆ ಕಟ್ಟುವಾಗ ನನಗೆ ಅಳು ತಡೆಯಲಾಗಲಿಲ್ಲ. ಮೂಲೆಗಿಟ್ಟ ಆಂಪ್ಲಿಫೈಯರಿನ ಗುಡುಗೆಲ್ಲ ಗೋಡೆ ದಾಟಿ ಆಚೆ ಹೋಗುತ್ತದೆ, ಪಕ್ಕದಲ್ಲಿ ನಿಂತವರಿಗೇ ಕಡಿಮೆ ಕೇಳುತ್ತದೆ ಎಂದು ಬ್ಯಾಂಡಿನ ಗೆಳತಿ ಆಮೇಲೆ ತಿಳಿಸಿ ಹೇಳಿದಳು. ಸಂಜೆ ಸಾಲಿನ ಮನೆಮನೆಗೂ ಹೋಗಿ ತಪ್ಪೊಪ್ಪಿಕೊಂಡೆ. ಗಂಡನಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗಲೂ ಬಂದವರಿಗೆಲ್ಲ ಈ ಕಥೆ ಹೇಳಿ ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ.

ಗಂಡನಿಗೆ ಒಂದನ್ನು ಮಾತ್ರ ಹೇಳಿಲ್ಲ. ಆ ರಸ್ತೆಯಲ್ಲಿ ಓಡುವಾಗ ನಾನೂ ನಮ್ಮತ್ತೆಗೆ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಮೂರೇ ವಾಕ್ಯ. ಒಂದಕ್ಷರವೂ ಮರೆತಿಲ್ಲ.