ಬಚ್ಚಲುಮನೆಯ ಕಲ್ಲು

ಈಗಲೂ ಬಚ್ಚಲಿಗೆ ಹೋದರೆ ನನ್ನ ಕಣ್ಣು ಮೊದಲು ಹಂಡೆಯ ಪಕ್ಕದ ಮೂಲೆಗೆ ಹೋಗುತ್ತದೆ. ಅಲ್ಲಿ ಏನೂ ಇಲ್ಲ. ಇದ್ದದ್ದನ್ನು ಎಸೆದವನು ನಾನೇ.

ಎಪ್ಪತ್ತರ ದಶಕದ ಕೊನೆ. ಹೈಸ್ಕೂಲು ಮುಗಿಸಿ ಅಪ್ಪನ ಜೊತೆ ತೋಟದ ಕೆಲಸಕ್ಕೆ ನಿಂತಿದ್ದೆ. ತೆಂಗಿನಕಾಯಿ ಸುಲಿದು ಒರಟಾದ ನನ್ನ ಬೆರಳುಗಳ ಮೇಲೆ ನರೂಲಿ ಎದ್ದವು, ಹಲಸಿನ ಸಿಪ್ಪೆಯ ಹಾಗೆ. ನಮ್ಮ ಮನೆಯಲ್ಲಿ ಅದಕ್ಕೊಂದು ಕ್ರಮವಿತ್ತು. ಕೊಬ್ಬರಿ ಚೂರಿನಿಂದ ಒಂದೊಂದನ್ನೂ ಒರೆಸಿ, ಯಾರಿಗೂ ಹೇಳದೆ, ದಾರಿಗಳು ಕೂಡುವಲ್ಲಿ ಇಟ್ಟು, ತಿರುಗಿ ನೋಡದೆ ಬರಬೇಕು. ತುಳಿದವರಿಗೆ ನರೂಲಿ ಅಂಟಿಕೊಂಡು ಹೋಗುತ್ತದೆ.

"ಮೊದ್ಲು ರಕ್ತ ಜಿನುಗೋವರ್ಗೂ ಉಜ್ಜು ಕಣ್ಲಾ, ಇಲ್ದಿದ್ರೆ ಅದು ಬುಡಲ್ಲ" ಎಂದಳು ಅಜ್ಜಿ.

ಬಚ್ಚಲಲ್ಲಿ ಮನೆಮಂದಿಯೆಲ್ಲ ಹಿಮ್ಮಡಿ ಉಜ್ಜುವ ಕಲ್ಲಿತ್ತು. ಅದಕ್ಕೇ ಬೆರಳು ಉಜ್ಜಿ, ಕಲ್ಲನ್ನು ಇದ್ದಲ್ಲೇ ಇಟ್ಟೆ. ಕೊಬ್ಬರಿ ಚೂರನ್ನು ಮಾತ್ರ, ನಮ್ಮವರ ಕಾಲಿಗೆ ಸಿಗದಿರಲಿ ಎಂದು, ಅರಳಗುಪ್ಪೆ ದಾರಿಯವರೆಗೆ ನಡೆದು ಇಟ್ಟು ಬಂದೆ. ತಂಗಿ ಹೊಲಿಗೆ ಕಲಿಯಲು ಹೋಗುವುದು ಅದೇ ದಾರಿ ಎಂಬುದು ಆಗ ಹೊಳೆಯಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ನನ್ನವು ಉದುರಿದವು. ತಂಗಿಯ ಕೈಯಲ್ಲಿ ಎದ್ದವು.

ಅವಳಿಗೆ ಕಂದಿಕೆರೆಯ ಸಂಬಂಧವೊಂದು ಕೂಡಿಬರುವುದರಲ್ಲಿತ್ತು. ನೋಡಲು ಬಂದ ದಿನ ಕಾಫಿ ಲೋಟ ನೀಡಿದ ಅವಳ ಕೈಯನ್ನು ಹುಡುಗನ ತಾಯಿ ಹಿಡಿದು ತಿರುಗಿಸಿ ನೋಡಿದರು. "ಇದೇನ್ ಕಣಮ್ಮ, ಈ ಕೈಲಿ ಮುದ್ದೆ ಕಟ್ಟಿದ್ರೆ ನಮ್ಮನೇರು ಉಣ್ತಾರಾ?" ಎಂದು ನಕ್ಕರು. ತಂಗಿಯೂ ನಗಲು ನೋಡಿದಳು. ಅವರು ಮತ್ತೆ ಬರಲಿಲ್ಲ.

"ಯಾರೋ ಇಟ್ಟಿದ್ದನ್ನ ತುಳ್ಕಂಡ್ ಬಂದವ್ಳೆ! ಕಣ್ಣೇನ್ ನೆತ್ತಿ ಮೇಲಿತ್ತಾ?" ಎಂದು ಅಪ್ಪ ಅವಳ ಮೇಲೆ ಕೂಗಾಡಿದರು. ಇಟ್ಟವನು ನಾನು ಎನ್ನಲು ಬಾಯಿ ತೆರೆದೆ. ಕರುವಿಗೆ ನೀರಿಡಬೇಕು ಎಂದು ಎದ್ದು ಹೋದೆ.

ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಅವಳನ್ನು ಬಸ್ಸಿನಲ್ಲಿ ತುಮಕೂರಿಗೆ, ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಸುಟ್ಟು ತೆಗೆದರು, ಮತ್ತೆ ಬಂದರೂ ಬರಬಹುದು ಎಂದರು. ತಂಗಿ ಹೊರಗೆ ಹೋದಮೇಲೆ ಕೊಬ್ಬರಿಯ ವಿಷಯ ಕೇಳಿಯೇಬಿಟ್ಟೆ. ಅವರಿಗೆ ನಗು ಬಂತು.

"ಇದು ವೈರಸ್ಸಪ್ಪ. ಕೊಬ್ಬರಿ ಪಾಪ ಏನ್ ಮಾಡುತ್ತೆ? ನೀವು ಕಾಯಿನ ಅಟ್ಟಕ್ಕೆ ಹಾಕ್ತೀರಲ್ಲ, ಹಾಕಿದ ದಿನ ಸದ್ದು ಮಾಡುತ್ತಾ?"

"ಇಲ್ಲ ಸಾರ್. ನೀರು ಬತ್ತಿ ಕೊಬ್ಬರಿ ಚಿಪ್ಪಿಂದ ಬಿಟ್ಕೊಂಡ್ ಮೇಲೆ ಅಲ್ಲಾಡಿಸಿದ್ರೆ ಗುಡುಗುಡು ಅನ್ನುತ್ತೆ."

"ಇದೂ ಹಾಗೇ. ಗಾಯದಲ್ಲಿ ಇಳಿದು ಚರ್ಮದ ತಳದ ಪದರದಲ್ಲಿ ಸದ್ದಿಲ್ಲದೆ ಕೂರುತ್ತೆ. ಅಲ್ಲಿನ ಜೀವಕೋಶ ಎರಡಾದ್ರೆ ಎರಡಕ್ಕೂ ಪಾಲಾಗುತ್ತೆ. ತಳದಲ್ಲಿರೋವರೆಗೆ ಅದರ ಜೀನುಗಳಲ್ಲಿ ಕೆಲವು ಮಾತ್ರ ಮೆಲ್ಲಗೆ ಕೆಲಸ ಮಾಡ್ತವೆ. ಕೋಶ ಮೇಲಕ್ಕೆ ಬಂದು ಬಲಿಯೋ ಹೊತ್ತಿಗೆ ಮಿಕ್ಕವು ಎದ್ದು ಹೊಸ ವೈರಸ್ಸುಗಳನ್ನ ಕಟ್ತವೆ. ಅಷ್ಟು ಮೇಲಕ್ಕೆ ರಕ್ತ ಹರಿಯಲ್ಲ, ಕಳ್ಳ ಇರೋದು ಮೈಗೆ ಬೇಗ ಗೊತ್ತಾಗಲ್ಲ. ಗೊತ್ತಾದಾಗ ಮೈ ಅದರ ಮೇಲೆ ಬೀಳುತ್ತೆ, ನರೂಲಿ ತಾನಾಗೇ ಉದುರುತ್ತೆ, ನಿನಗಾದ ಹಾಗೆ."

"ಹಾಗಾದ್ರೆ ಅವಳಿಗೆ ನನ್ನಿಂದ ಬಂದಿಲ್ವಾ ಸಾರ್?"

"ಒಂದೇ ಟವೆಲ್ಲು, ಒಂದೇ ಉಜ್ಜೋ ಕಲ್ಲು, ಅಂಥದ್ದೇನಾದ್ರೂ ಇತ್ತಾ?"

ಪಾತ್ರೆ ತಿಕ್ಕಿ ಒಡೆದ ಕೈಯನ್ನು ತಂಗಿ ದಿನಾ ಆ ಕಲ್ಲಿಗೇ ಉಜ್ಜುತ್ತಿದ್ದಳು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ.

ಬಸ್ಸಿನಲ್ಲಿ ಅವಳು ಪಟ್ಟಿ ಸುತ್ತಿದ ಕೈಯಲ್ಲಿ ಕಡಲೆಕಾಯಿ ಬಿಡಿಸಲಾರದೆ ನನ್ನ ಮಡಿಲಿಗೆ ಹಾಕಿ, "ಡಾಕ್ಟ್ರು ಏನಂದ್ರಣ್ಣ?" ಎಂದಳು.

"ಏನಿಲ್ಲ, ವಾಸಿ ಆಯ್ತದೆ ಬುಡು."

ಮನೆಗೆ ಬಂದವನೇ ಕಲ್ಲನ್ನು ತೋಟದಾಚೆಯ ಹಾಳುಬಾವಿಗೆ ಎಸೆದೆ.

ಮುಂದೆ ಅವಳಿಗೆ ತುರುವೇಕೆರೆ ಕಡೆ ಮದುವೆಯಾಯಿತು, ಒಳ್ಳೆಯ ಮನೆ. ಅದರಿಂದ ನನ್ನ ಎದೆ ಹಗುರಾಗಲಿಲ್ಲ. ಅವಳು ಹಬ್ಬಕ್ಕೆ ಬಂದಾಗಲೆಲ್ಲ ಹೇಳಬೇಕೆಂದು ಜಗುಲಿಯಲ್ಲಿ ಅತ್ತಿಂದಿತ್ತ ಓಡಾಡಿ, ಎಲೆಅಡಿಕೆ ತರುತ್ತೇನೆಂದು ಹೊರಟುಬಿಡುತ್ತಿದ್ದೆ. ಮೊನ್ನೆ ಹೇಳಿದೆ. ಕೊಬ್ಬರಿ, ಕಲ್ಲು, ಅಪ್ಪ ಬೈಯುವಾಗ ನಾನು ಎದ್ದು ಹೋದದ್ದು, ಎಲ್ಲ.

ಅವಳು ಹೆಬ್ಬೆರಳು ಚಾಚಿದಳು. ಉಗುರಿನ ಪಕ್ಕ ಪುಟ್ಟದೊಂದು ಮತ್ತೆ ಎದ್ದಿತ್ತು.

"ಇದು ಆಗಾಗ ಬತ್ತದೆ, ಹೋಯ್ತದೆ. ಇದ್ಕೆಲ್ಲ ನಂಗೆ ಸಿಟ್ಟಿಲ್ಲ ಕಣಣ್ಣ" ಎಂದಳು. ಕೈ ಹಿಂದಕ್ಕೆ ತೆಗೆದುಕೊಂಡು, "ಕಲ್ಲು ಎಸ್ದಿದ್ದು ನೀನಾ? ನಾನೇ ಕಳ್ದಾಕಿದೀನಿ ಅಂತ ಅವ್ವ ಎಷ್ಟು ಬೈದ್ಲು ಗೊತ್ತಾ? ನೀನು ಅಲ್ಲೇ ಕೂತು ಉಣ್ತಿದ್ದೆ" ಎಂದಳು.

ಎಲ್ಲ ಹೇಳಿ ಮುಗಿಸಿದೆ ಎಂದುಕೊಂಡಿದ್ದೆ. ಅದು ನನಗೆ ನೆನಪೇ ಇರಲಿಲ್ಲ.